ಮನೆಗೆ ದತ್ತು ಬಂದ ತಂಗಿ: ಮೊದಲಿನ ಮಗುವಿಗೂ ಇದು ಪಾಠ

ಸಾಂಗಲಿ: ಮರಾಠಿಯಲ್ಲಿ 'ದತ್ತಕ', ಕನ್ನಡದಲ್ಲಿ 'ದತ್ತು'. ಮಿರಜ, ಜತ್ತ ಕಡೆ ಈ ಮಾತು ಕೇಳದವರಿಲ್ಲ. 1884ರಲ್ಲಿ ಕಾಗಲದ ಘಾಟಗೆ ಮನೆತನದ ಹುಡುಗ ಕೊಲ್ಹಾಪುರ ಗಾದಿಗೆ ದತ್ತು ಹೋಗಿ ಶಾಹು ಮಹಾರಾಜರಾದರು. ಆ ಕಾಲದ ದತ್ತು ವಂಶ ಉಳಿಸಲು. ಈಗಿನ ದತ್ತು ಮಗುವಿಗೊಂದು ಮನೆ ಕೊಡಲು. ಮನೆಯಲ್ಲಿ ಮೊದಲೇ ಒಂದು ಮಗುವಿದ್ದರೆ ಅದರ ಗತಿಯೇನು ಎಂಬುದು ಹಲವರ ಪ್ರಶ್ನೆ.

ಪುಣೆಯಿಂದ ಸಿಡ್ನಿಗೆ

ಸ್ಮೃತಿ ಮಂಧಾನಾ ಅವರಿಂದಾಗಿ ಸಾಂಗಲಿಯ ಮನೆಮನೆಯಲ್ಲೂ ಮಹಿಳಾ ಕ್ರಿಕೆಟ್ ಗೊತ್ತು. ಆಸ್ಟ್ರೇಲಿಯಾ ತಂಡದ ನಾಯಕಿಯಾಗಿದ್ದ ಲೀಸಾ ಸ್ಥಳೇಕರ್ ಹುಟ್ಟಿದ್ದು 1979ರಲ್ಲಿ, ಪುಣೆಯಲ್ಲಿ. ಅಲ್ಲಿನ ಶ್ರೀವತ್ಸ ಅನಾಥಾಲಯಕ್ಕೆ ಬಂದ ದಂಪತಿಗೆ ಆಗಲೇ ದತ್ತು ಮಗಳೊಬ್ಬಳಿದ್ದಳು. ಅವರು ಹುಡುಕಿದ್ದು ಗಂಡುಮಗು. ಎತ್ತಿಕೊಂಡು ಹೋದದ್ದು ಕೆಲವೇ ವಾರಗಳ ಹೆಣ್ಣುಕೂಸನ್ನು. ಅಮೆರಿಕ, ಕೆನ್ಯಾ ದಾಟಿ ಸಂಸಾರ ಸಿಡ್ನಿಯಲ್ಲಿ ನೆಲೆಸಿತು. ಏಕದಿನ ಪಂದ್ಯಗಳಲ್ಲಿ 1,000 ರನ್ ಹಾಗೂ 100 ವಿಕೆಟ್ ಎರಡನ್ನೂ ಪಡೆದ ಮೊದಲ ಮಹಿಳೆ ಲೀಸಾ. ಅಕ್ಕ-ತಂಗಿಯರಿಗೆ ರಕ್ತಸಂಬಂಧ ಬೇಕಾಗಲಿಲ್ಲ, ಒಂದೇ ಮನೆ ಸಾಕಾಯಿತು.

ಕಾನೂನು ಏನು ಹೇಳುತ್ತದೆ?

1956ರ ಹಿಂದೂ ದತ್ತಕ ಕಾಯ್ದೆಯಂತೆ ಮಗನಿದ್ದವರು ಮಗನನ್ನು, ಮಗಳಿದ್ದವರು ಮಗಳನ್ನು ದತ್ತು ಪಡೆಯುವಂತಿಲ್ಲ. ಆದರೆ ಅನಾಥ, ಪರಿತ್ಯಕ್ತ ಮಕ್ಕಳನ್ನು ಬಾಲನ್ಯಾಯ ಕಾಯ್ದೆಯಡಿ ಪಡೆಯಲು ಈ ತಡೆ ಅಡ್ಡಬರುವುದಿಲ್ಲ ಎಂದು ಮುಂಬೈ ಹೈಕೋರ್ಟ್ 2009ರಲ್ಲಿ ತೀರ್ಪು ನೀಡಿತು. 2022ರ ನಿಯಮದ ಪ್ರಕಾರ ಎರಡು ಅಥವಾ ಹೆಚ್ಚು ಮಕ್ಕಳಿರುವ ದಂಪತಿಗೆ ವಿಶೇಷ ಆರೈಕೆ ಬೇಕಾದ ಅಥವಾ ಬೇಗ ಮನೆ ಸಿಗದ ಮಕ್ಕಳನ್ನಷ್ಟೇ ಕೊಡುತ್ತಾರೆ. ಸಂಬಂಧಿಕರ ಮಗುವಿಗೆ ಇದು ಅನ್ವಯಿಸದು.

ಮನೆಯಲ್ಲಿ 5 ವರ್ಷ ದಾಟಿದ ಮಗುವಿದ್ದರೆ ಅದರ ಒಪ್ಪಿಗೆಯನ್ನೂ ಕೇಳುತ್ತಾರೆ. ಅನಾಥಾಲಯದಲ್ಲಿ ಒಡಹುಟ್ಟಿದವರಿದ್ದರೆ ಅವರನ್ನು ಬೇರೆ ಮಾಡದೆ ಒಟ್ಟಿಗೇ ಕೊಡುವುದು ಪದ್ಧತಿ. ದೇಶದೊಳಗೆ ಮನೆ ಸಿಗದ ಒಡಹುಟ್ಟಿದವರು, ಅಂಗವಿಕಲರು, 5 ವರ್ಷ ಮೀರಿದವರಿಗೆ ವಿದೇಶಿ ದತ್ತಕದಲ್ಲಿ ಆದ್ಯತೆ. ವಿದೇಶಕ್ಕೆ ಹೋದ ಮಗುವಿನ ಯೋಗಕ್ಷೇಮದ ವರದಿ ಎರಡು ವರ್ಷ ಬರುತ್ತಿರಬೇಕು.

ಮೊದಲಿನ ಮಗುವಿಗೆ ಹೇಗೆ ಹೇಳಬೇಕು?

ಮೊದಲೇ ಹೇಳುವುದು ಒಳ್ಳೆಯದು. 'ನಿನ್ನ ಪಾಲು ಹೋಯ್ತು' ಎಂದು ನೆಂಟರು ಚುಚ್ಚುವ ಮುನ್ನ ತಂದೆತಾಯಿಯೇ ಹೇಳಬೇಕು. ದತ್ತು ಆದೇಶವಾದ ದಿನದಿಂದ ಆಸ್ತಿ ಸೇರಿ ಎಲ್ಲ ಹಕ್ಕು ಇಬ್ಬರಿಗೂ ಸಮ. ಇದನ್ನು ಮುಚ್ಚಿಟ್ಟರೆ ಮುಂದೆ ಜಗಳ ತಪ್ಪದು.

ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ ಆಡುವ ನಮ್ಮ ಭಾಗದ ಮಕ್ಕಳಿಗೆ ಇದು ತಿಳಿಯದ ಮಾತಲ್ಲ. ಒಂದು ಬಾಯಿಗೆ ಎರಡು ಭಾಷೆ ಇರಬಹುದಾದರೆ, ಒಂದು ಮಗುವಿಗೆ ಎರಡು ಊರೂ ಇರಬಹುದು. ತಂಗಿ ಹುಟ್ಟಿದ ಊರು ಯಾವುದು, ಅಲ್ಲಿ ಏನು ಉಣ್ಣುತ್ತಾರೆ ಎಂದು ಅಣ್ಣ ಕೇಳತೊಡಗಿದಾಗ ಅವನ ಲೋಕ ದೊಡ್ಡದಾಗುತ್ತದೆ. ತನ್ನ ಆಟಿಕೆ, ಅಮ್ಮನ ಮಡಿಲು ಹಂಚಿಕೊಳ್ಳುವುದು ಮಾತ್ರ ಕಷ್ಟವೇ. ಅದಕ್ಕೆ ಸಮಯ ಕೊಡಬೇಕು, ಗದರಿಸಬಾರದು.

ಎಚ್ಚರಿಕೆ

ಆಸ್ಪತ್ರೆಯಿಂದ ಅಥವಾ ದಲ್ಲಾಳಿಯ ಮೂಲಕ ನೇರ ಮಗು ಪಡೆಯುವುದು ಅಪರಾಧ. ಇದಕ್ಕೆ 3 ವರ್ಷದವರೆಗೆ ಜೈಲು, 1 ಲಕ್ಷ ರೂ. ದಂಡ ಅಥವಾ ಎರಡೂ ಆಗಬಹುದು. ಹಣ ಕೊಟ್ಟು ಕೊಂಡರೆ 5 ವರ್ಷದವರೆಗೆ. ಕೇಂದ್ರ ದತ್ತಕ ಪ್ರಾಧಿಕಾರದ ಜಾಲತಾಣದಲ್ಲಿ ಹೆಸರು ನೋಂದಾಯಿಸುವುದೇ ಸರಿದಾರಿ. ಮಾಹಿತಿಗೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕವನ್ನು ಕೇಳಬಹುದು.