ಪಕ್ಷಾಂತರವೂ ಸಮಶೋಧನವೂ

ಬೀಜಗಣಿತದ ಪರಿಭಾಷೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಶಬ್ದ ‘ಅವ್ಯಕ್ತ’. ತಿಳಿಯದ ಸಂಖ್ಯೆಗೆ ಬ್ರಹ್ಮಗುಪ್ತನು 628ರಲ್ಲಿಯೇ ಬಳಸಿದ ಹೆಸರು ಅದು. ಅವ್ಯಕ್ತವೆಂದರೆ ಇಲ್ಲದ್ದಲ್ಲ, ಇದೆ, ಇನ್ನೂ ಪ್ರಕಟವಾಗಿಲ್ಲ, ಅಷ್ಟೆ. ದಾರ್ಶನಿಕರ ಶಬ್ದವನ್ನು ಲೆಕ್ಕಿಗರು ಎಷ್ಟು ಸಹಜವಾಗಿ ತಮ್ಮದಾಗಿಸಿಕೊಂಡರು! ಹನ್ನೆರಡನೆಯ ಶತಮಾನದ ಭಾಸ್ಕರಾಚಾರ್ಯನು ಮೊದಲ ಅವ್ಯಕ್ತವನ್ನು ‘ಯಾವತ್ತಾವತ್’, ಎಂದರೆ ‘ಎಷ್ಟೋ ಅಷ್ಟು’ ಎಂದು ಕರೆದು, ಮೊಟಕಾಗಿ ‘ಯಾ’ ಎಂದನು. ಇನ್ನೂ ಬೇಕಾದರೆ ಕಾಲಕ, ನೀಲಕ, ಪೀತಕ ಎಂದು ಬಣ್ಣಗಳ ಸಾಲು.

ಆದರೆ ಇಂದು ತರಗತಿಗಳನ್ನು ಆಳುತ್ತಿರುವ ಶಬ್ದ ‘ಪಕ್ಷಾಂತರ’. 3ಯಾ + 5 = 20 ಎಂಬಲ್ಲಿ ಐದು ಬಲಕ್ಕೆ ಹಾರಿ ಋಣವಾಗುತ್ತದೆಂದು ಹುಡುಗರು ಬಾಯಿಪಾಠ ಒಪ್ಪಿಸುತ್ತಾರೆ. ಪಕ್ಷ ಬಿಟ್ಟವನು ಬಣ್ಣ ಬದಲಿಸುವುದು ರಾಜಕೀಯದಲ್ಲಿ ಸಹಜ. ಗಣಿತದಲ್ಲಿ ಅದಕ್ಕೆ ಕಾರಣ ಬೇಡವೆ? 3ಯಾ = 15 ಎಂದಾದ ಮೇಲೆ ಮೂರನ್ನೂ ಹಾಗೆಯೇ ಹಾರಿಸಿ, ಉತ್ತರ 12 ಎಂದವರನ್ನು ನಾನು ಬಹಳ ಕಂಡಿದ್ದೇನೆ. ಆ ಮೂರು ಸಹಗುಣಕ, ಕೂಡಿದ ಸಂಖ್ಯೆಯಲ್ಲ ಎಂಬುದು ಈ ಹಾರಾಟದಲ್ಲಿ ಮರೆತೇಹೋಗುತ್ತದೆ. ದೋಷ ಹುಡುಗರದಲ್ಲ, ಶಬ್ದದ್ದು.

ಹಿಂದಿನವರಲ್ಲಿ ‘ಸಮಶೋಧನ’ ಎಂಬ ಮಾತಿತ್ತು: ಎರಡೂ ಪಕ್ಷಗಳಿಂದ ಸಮವಾದುದನ್ನು ಕಳೆಯುವುದು. ತಕ್ಕಡಿಯ ಎರಡು ತಟ್ಟೆಗಳಿಂದಲೂ ಐದೈದು ತೆಗೆದರೆ ಮುಳ್ಳು ಅಲುಗದು; ಉಳಿಯುವುದು 3ಯಾ = 15. ಎರಡನ್ನೂ ಮೂರು ಸಮಪಾಲು ಮಾಡಿದರೆ ಯಾ = 5. ಯಾವುದೂ ಎಲ್ಲಿಗೂ ಹಾರಲಿಲ್ಲ! ಉಪಾಧ್ಯಾಯ ಮಿತ್ರರು ಒಂದು ವರ್ಷ ಈ ಹಳೆಯ ಮಾತನ್ನೇ ಕರಿಹಲಗೆಯ ಮೇಲೆ ಬರೆದು ನೋಡಬೇಕೆಂದು ನನ್ನ ವಿನಂತಿ.