ಬೆರಳಿಗೇ ಬಿಚ್ಚುವ ಗಂಟು

ಚಾರಣಕ್ಕೆ ಬಂದ ಹುಡುಗರ ಕೈಗೆ ಹಗ್ಗ ಕೊಟ್ಟು ‘ಏನಾದರೂ ಕಟ್ಟಿ ತೋರಿಸ್ರಪ್ಪ’ ಅಂದರೆ ಹೆಚ್ಚಿನವರು ಗಂಟಿನ ಮೇಲೆ ಗಂಟು ಹಾಕಿ ಜಗ್ಗುತ್ತಾರೆ. ಬಿಗಿಯಾಗಿರುತ್ತದೆ, ಸುಳ್ಳಲ್ಲ. ಬೆಳಿಗ್ಗೆ ಡೇರೆ ಬಿಚ್ಚುವಾಗ ಮಾತ್ರ ಚಾಕುವೇ ಗತಿ. ಭಾರ ಬಿದ್ದಾಗ ಜಾರಬಾರದು, ಕೆಲಸ ಮುಗಿದ ಮೇಲೆ ಬೆರಳಿಗೇ ಬಿಚ್ಚಬೇಕು. ಅಂಥದ್ದನ್ನೇ ನಾನು ಗಂಟು ಅನ್ನುವುದು.

ಅಮೆರಿಕದ ಕ್ಲಿಫರ್ಡ್ ಆಶ್ಲಿ 1944ರಲ್ಲಿ ತಂದ ಗಂಟುಗಳ ಪುಸ್ತಕದಲ್ಲಿ 3,800ಕ್ಕೂ ಹೆಚ್ಚು ನಮೂದುಗಳಿವೆ. ಕಾಡಿಗೆ ನಾಲ್ಕು ಸಾಕು, ಕತ್ತಲಲ್ಲೂ ಕೈಗೆ ಬರಬೇಕು ಅಷ್ಟೇ.

ಮೊದಲು ಬೋಲೈನ್. ಕರುವಿನ ಕೊರಳಿಗೆ ಜೀರುಗುಣಿಕೆ ಹಾಕಿದರೆ ಹಿರಿಯರು ಬೈಯುತ್ತಾರಲ್ಲ, ಎಳೆದಷ್ಟೂ ಬಿಗಿಯುತ್ತದೆ ಅಂತ. ಬೋಲೈನ್ ಕುಣಿಕೆ ಹಾಕಿದ ಅಳತೆಯಲ್ಲೇ ನಿಲ್ಲುತ್ತದೆ. ಹಗ್ಗದಲ್ಲಿ ಪುಟ್ಟ ಸುತ್ತು ಮಾಡಿ; ಉದ್ದ ಹಗ್ಗ ಅಡಿಗಿರಲಿ, ಮೇಲಿದ್ದರೆ ಗಂಟು ಕೂರುವುದೇ ಇಲ್ಲ. ತುದಿಯನ್ನು ಆ ಸುತ್ತಿನ ಕೆಳಗಿನಿಂದ ಮೇಲೆ ತಂದು, ಉದ್ದ ಹಗ್ಗದ ಹಿಂದಿನಿಂದ ಬಳಸಿ, ಬಂದ ದಾರಿಯಲ್ಲೇ ಇಳಿಸಿ ಬಿಗಿಯಿರಿ. ಗೇಣುದ್ದ ತುದಿ ಉಳಿಯಲಿ. ಎಷ್ಟೇ ಭಾರ ಹೊತ್ತಿದ್ದರೂ ಬೆನ್ನ ಹಿಂದಿನ ಮಡಿಕೆಯನ್ನು ಹೆಬ್ಬೆರಳಿಂದ ಬಗ್ಗಿಸಿದರೆ ಸಡಿಲಾಗುತ್ತದೆ.

ಇದೇ ಹೆಣಿಗೆಯನ್ನು ಎರಡು ಹಗ್ಗಗಳ ನಡುವೆ ಹಾಕಿದರೆ ಶೀಟ್ ಬೆಂಡ್. ಒಂದು ದಪ್ಪ, ಒಂದು ಸಣ್ಣ ಆದರೂ ಹಿಡಿಯುತ್ತದೆ. ಮಗ್ಗದಲ್ಲಿ ಹರಿದ ಎಳೆ ಕೂಡಿಸುವ ನೇಕಾರರ ಗಂಟೂ ಇದೇ. ಕೆಲವರು ಈ ಕೆಲಸಕ್ಕೆ ಸ್ಕೌಟಿನಲ್ಲಿ ಕಲಿತ ರೀಫ್ ಗಂಟು ಹಾಕುತ್ತಾರೆ. ಅದು ಬ್ಯಾಂಡೇಜಿಗೆ ಸರಿ. ಒಂದು ತುದಿ ಪಕ್ಕಕ್ಕೆ ಜಗ್ಗಿದರೆ ಜಾರಿಬಿಡುತ್ತದೆ. ಆಶ್ಲಿ ಇದರ ಬಗ್ಗೆ ಕಟುವಾಗಿಯೇ ಎಚ್ಚರಿಸಿದ್ದಾನೆ.

ಮಲೆನಾಡಿನ ಮಳೆಯಲ್ಲಿ ಟಾರ್ಪಾಲು ಕಟ್ಟುವವರಿಗೆ ಟಾಟ್‌ಲೈನ್. ನೈಲಾನ್ ನೆನೆದರೆ ಹಿಗ್ಗುತ್ತದೆ. ಸಂಜೆ ಬಿಗಿದದ್ದು ನಡುರಾತ್ರಿ ಜೋತು ಟಾರ್ಪಾಲಿನ ಹೊಟ್ಟೆಯಲ್ಲಿ ನೀರು ತುಂಬುತ್ತದೆ. ಗೂಟ ಬಳಸಿ ಬಂದ ತುದಿಯನ್ನು ಹಗ್ಗದ ಮೇಲೆ ಗೂಟದ ಬದಿಗೆ ಎರಡು ಸುತ್ತು, ಆಚೆ ಬದಿಗೆ ಒಂದು ಸುತ್ತು ಹಾಕಿ ಸಿಕ್ಕಿಸಿ. ಕೈಯಲ್ಲಿ ತಳ್ಳಿದರೆ ಸರಿಯುತ್ತದೆ, ಹಗ್ಗ ಜಗ್ಗಿದರೆ ಕಚ್ಚಿಕೊಳ್ಳುತ್ತದೆ. 1931ರಲ್ಲಿ ಆಸ್ಟ್ರಿಯಾದ ಕಾರ್ಲ್ ಪ್ರೂಸಿಕ್ ಬಳಕೆಗೆ ತಂದ, ಆರೋಹಿಗಳು ಹಗ್ಗ ಹತ್ತಲು ನೆಚ್ಚುವ ಗಂಟು ನಿಂತಿರುವುದೂ ಇದೇ ಘರ್ಷಣೆಯ ಮೇಲೆ.

ಬೋಲೈನ್ ಭಾರವಿಲ್ಲದೆ ಅಲುಗಾಡುತ್ತಿದ್ದರೆ ಸಡಿಲವಾಗಬಹುದು. ಅದಕ್ಕೇ ರಾಮನಗರದ ಬಂಡೆಗಳಲ್ಲಿ ಹಾರ್ನೆಸ್‌ಗೆ ಫಿಗರ್ ಎಯ್ಟ್ ಹಾಕಿಸುತ್ತೇನೆ. ಎಂಟರ ಆಕಾರ ಎದ್ದು ಕಾಣುವುದರಿಂದ ಜೊತೆಗಾರ ಒಂದೇ ನೋಟಕ್ಕೆ ತಪ್ಪು ಹಿಡಿಯಬಲ್ಲ. ಅವನು ನೋಡಿ ‘ಸರಿ’ ಅನ್ನುವವರೆಗೆ ಯಾರ ಕಾಲೂ ನೆಲ ಬಿಡಕೂಡದು.