ಅಪೂರ್ಣ ವಿಡಿಯೋ ಆಟಗಳ ಖರೀದಿ

(ಸಂಘದ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಲೇಖನರೂಪ)



ಸಾಹಿತ್ಯ, ಸಂಗೀತಗಳ ಚಿಂತನೆ ನಡೆಯುವ ಈ ವೇದಿಕೆಯಲ್ಲಿ ವಿಡಿಯೋ ಆಟಗಳ ಪ್ರಸ್ತಾಪವೇ ಎಂದು ಹಿರಿಯರು ಹುಬ್ಬೇರಿಸಬಹುದು. ಆದರೆ ಮಕ್ಕಳು ಆಡುವ ಆಟಕ್ಕೆ ಹಣ ತೆರುವವರು ನಾವೇ ಅಲ್ಲವೇ? ನಾಲ್ಕು ವರ್ಷಗಳ ಹಿಂದೆ ನನ್ನ ಮಗ ಹುಟ್ಟುಹಬ್ಬಕ್ಕೆ ಬಂದ ಹಣವನ್ನೆಲ್ಲ ಇನ್ನೂ ತಯಾರಾಗುತ್ತಿದ್ದ ಒಂದು ಆಟಕ್ಕೆ ಸುರಿದ. ಆರು ತಿಂಗಳಲ್ಲಿ ಅದರ ತಯಾರಕರಿಂದ ಸುದ್ದಿಯೇ ನಿಂತುಹೋಯಿತು. "ಅಪ್ಪಾ, ಇದು ಮುಗಿಯುವುದೇ ಇಲ್ಲವೇ?" ಎಂದು ಅವನು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ಮುಗಿಯದ ಆಟವನ್ನು ಹೀಗೆ ಮಾರುವುದಕ್ಕೆ 'ಅರ್ಲಿ ಆಕ್ಸೆಸ್' ಎಂದು ಹೆಸರು. ಸ್ವೀಡನ್ನಿನ 'ಮೈನ್‌ಕ್ರಾಫ್ಟ್' 2009ರಲ್ಲಿ ಅರೆಬೆಂದ ಸ್ಥಿತಿಯಲ್ಲೇ ಮಾರಾಟಕ್ಕೆ ಬಂದು, 2011ರ ನವೆಂಬರಿನಲ್ಲಿ ಪೂರ್ಣಗೊಂಡಿತು. ಅದರ ಯಶಸ್ಸು ಹಲವರಿಗೆ ಆಸೆ ಹುಟ್ಟಿಸಿತು. 2013ರ ಮಾರ್ಚಿನಲ್ಲಿ ವಾಲ್ವ್ ಸಂಸ್ಥೆಯು ತನ್ನ 'ಸ್ಟೀಮ್' ಮಳಿಗೆಯಲ್ಲಿ ಇಂತಹ ಆಟಗಳಿಗೆಂದೇ ಒಂದು ವಿಭಾಗವನ್ನು ತೆರೆಯಿತು. ಪದ್ಧತಿ ಕೆಟ್ಟದ್ದೇನಲ್ಲ. ತಯಾರಕನಿಗೆ ಕೆಲಸ ನಡೆಯುತ್ತಿರುವಾಗಲೇ ಹಣ ದೊರೆಯುತ್ತದೆ. ಆಟಗಾರನಿಗೆ ದೋಷಗಳನ್ನು ತೋರಿಸಿ ತಿದ್ದಿಸುವ ಅವಕಾಶ ಸಿಗುತ್ತದೆ. ಬೆಲ್ಜಿಯಂ ದೇಶದ ಲೇರಿಯನ್ ಸಂಸ್ಥೆಯ 'ಬಾಲ್ಡರ್ಸ್ ಗೇಟ್ 3' 2020ರ ಅಕ್ಟೋಬರಿನಿಂದ ಸುಮಾರು ಮೂರು ವರ್ಷ ಹೀಗೆಯೇ ಮಾಗಿ, 2023ರ ಆಗಸ್ಟಿನಲ್ಲಿ ಪೂರ್ಣರೂಪದಲ್ಲಿ ಬಂದು ಅಪಾರ ಮನ್ನಣೆ ಗಳಿಸಿತು.

ಇನ್ನೊಂದು ಮುಖವನ್ನೂ ನೋಡೋಣ. 'ಕರ್ಬಲ್ ಸ್ಪೇಸ್ ಪ್ರೋಗ್ರಾಂ' ಎಂಬುದು ರಾಕೆಟ್ಟುಗಳನ್ನು ಕಟ್ಟಿ ಹಾರಿಸುವ, ಕಕ್ಷೆಗಳ ಭೌತಶಾಸ್ತ್ರವನ್ನು ಆಡುತ್ತಲೇ ಕಲಿಸುವ ಸೊಗಸಾದ ಆಟ. ಅದೂ 2011ರಿಂದ ಅಪೂರ್ಣವಾಗಿಯೇ ಹೊರಬಂದು, 2015ರಲ್ಲಿ ಕೊಟ್ಟ ಮಾತಿನಂತೆ ಪೂರ್ಣಗೊಂಡಿತ್ತು. ಆ ನಂಬಿಕೆಯ ಮೇಲೆ 2023ರ ಫೆಬ್ರವರಿಯಲ್ಲಿ ಅದರ ಎರಡನೆಯ ಭಾಗವನ್ನು ಜನ 50 ಡಾಲರ್ ಕೊಟ್ಟು ಕೊಂಡರು. ಅನ್ಯಗ್ರಹಗಳಲ್ಲಿ ವಸಾಹತು, ನಕ್ಷತ್ರಗಳ ನಡುವಿನ ಪ್ರಯಾಣ, ಹಲವರು ಕೂಡಿ ಆಡುವ ಅನುಕೂಲ, ಇವೆಲ್ಲ ಮುಂದೆ ಬರುವುವೆಂಬ ಭರವಸೆಯಿತ್ತು. ಆ ವರ್ಷದ ಡಿಸೆಂಬರಿನಲ್ಲಿ ಒಂದು ದೊಡ್ಡ ಪರಿಷ್ಕರಣೆ ಬಂದಿತು. 2024ರಲ್ಲಿ ಆಟವನ್ನು ತಯಾರಿಸುತ್ತಿದ್ದ ಸ್ಟುಡಿಯೋವೇ ಮುಚ್ಚಿತು. ವಸಾಹತುಗಳು ಬರಲೇ ಇಲ್ಲ. ಮಾರಾಟ ಮಾತ್ರ ಆಮೇಲೂ ನಡೆದೇ ಇತ್ತು!

ನಮ್ಮ ಶ್ರೀನಿವಾಸಪುರದ ಕಡೆ ಮಾವಿನ ತೋಟವನ್ನು ಹೂವಿನಲ್ಲೇ ಗುತ್ತಿಗೆ ಹಿಡಿಯುವ ವ್ಯಾಪಾರಿ ಆಲಿಕಲ್ಲನ್ನೂ ಗಾಳಿಯನ್ನೂ ಲೆಕ್ಕ ಹಾಕಿ ಬೆಲೆಯನ್ನು ಇಳಿಸಿಯೇ ಇಳಿಸುತ್ತಾನೆ. ಇಲ್ಲಿಯಾದರೋ ಕೊಂಡವರು ಹಣ್ಣಿನ ಬೆಲೆ ತೆತ್ತು ಹೂವನ್ನು ಕೊಂಡಿದ್ದರು. ಫಸಲು ಚೆನ್ನಾಗಿ ಬಂದಿದ್ದರೂ ಅವರಿಗೆ ಲಾಭದಲ್ಲಿ ಪಾಲಿರಲಿಲ್ಲ.

ಹಣ ಹಿಂದಿರುಗುವುದಿಲ್ಲವೇ ಎಂದು ನೀವು ಕೇಳಬಹುದು. 2015ರಿಂದ ಸ್ಟೀಮ್ ಮಳಿಗೆಯಲ್ಲಿ ಮರುಪಾವತಿಯ ನಿಯಮವಿದೆ. ಕೊಂಡು 14 ದಿನಗಳೊಳಗಾಗಿರಬೇಕು, ಆಡಿದ್ದು 2 ಗಂಟೆಗಿಂತ ಕಡಿಮೆಯಿರಬೇಕು. ಆದರೆ ಆಟ ಮುಗಿಯದೆಂಬುದು ತಿಳಿಯುವುದು ತಿಂಗಳುಗಳಾದ ಮೇಲೆ. 'ದಿ ಡೇ ಬಿಫೋರ್' ಎಂಬ ಆಟ 2023ರ ಡಿಸೆಂಬರ್ 7ರಂದು ಬಿಡುಗಡೆಯಾಗಿ, ನಾಲ್ಕೇ ದಿನಗಳಲ್ಲಿ ಅದರ ಸಂಸ್ಥೆ ಬಾಗಿಲು ಹಾಕಿತು. ಕೊಂಡವರೆಲ್ಲರಿಗೂ ಹಣ ಮರಳಿತು. ಕುಸಿತ ಅಷ್ಟು ಬೇಗನೆ, ಅಷ್ಟು ಬಹಿರಂಗವಾಗಿ ಆದದ್ದು ಅವರ ಅದೃಷ್ಟವೆನ್ನಬೇಕು. ಮೆಲ್ಲನೆ ಸಾಯುವ ಆಟಕ್ಕೆ ಅಂತಹ ಗದ್ದಲವಿರುವುದಿಲ್ಲ.

ಆಟ ಮುಂದೆ ಬದಲಾಗಬಹುದು, ಬದಲಾಗದೆಯೂ ಇರಬಹುದು ಎಂಬ ಎಚ್ಚರಿಕೆ ಮಳಿಗೆಯ ಪುಟದಲ್ಲಿಯೇ ಇರುತ್ತದೆ. ಎಂದರೆ ನಾವು ಕೊಳ್ಳುವುದು ಇಂದು ಇರುವುದನ್ನು ಮಾತ್ರ. ಮಗು ಕೇಳಿದಾಗ, ನಾಳೆಯಿಂದ ಏನೂ ಸೇರದಿದ್ದರೂ ಇದು ಇಷ್ಟು ಹಣಕ್ಕೆ ತಕ್ಕುದೇ ಎಂದು ಜೊತೆಗೆ ಕುಳಿತು ನೋಡಿ. ಕೊನೆಯ ಪರಿಷ್ಕರಣೆಯ ದಿನಾಂಕವನ್ನೂ ನೋಡಿ. ವರ್ಷಕ್ಕೂ ಮೀರಿ ಸುಮ್ಮನಿರುವ ಆಟಗಳ ಪುಟದಲ್ಲಿ ಅದನ್ನು ಸೂಚಿಸುವ ಕ್ರಮ 2025ರಲ್ಲಿ ಆರಂಭವಾಗಿದೆ.

ನನ್ನ ಮಗನ ಆಟಕ್ಕೆ ಕೊನೆಯ ಪರಿಷ್ಕರಣೆ ಬಂದು ಮೂರು ವರ್ಷ ಮೀರಿತು. ಕಂಪ್ಯೂಟರಿನಿಂದ ಅವನು ಅದನ್ನು ಇನ್ನೂ ಅಳಿಸಿಲ್ಲ.